ಸ್ಟಾಪ್ ಮೋಷನ್‌ಗೆ ಮೂವತ್ತು ಸಾವಿರದೊಳಗೆ 4ಕೆ ವಿಡಿಯೊ ಇರುವ ಯಾವ ಕ್ಯಾಮೆರಾ ಒಳ್ಳೆಯದು?

ಮೊದಲು ಆ 4ಕೆ ವಿಡಿಯೊ ಆಸೆ ಬಿಡಿ. ಸ್ಟಾಪ್ ಮೋಷನ್‌ನಲ್ಲಿ ವಿಡಿಯೊ ತೆಗೆಯುವುದೇ ಇಲ್ಲ, ಒಂದೊಂದೇ ಫೋಟೊ ತೆಗೆದು ಜೋಡಿಸುತ್ತೇವೆ. 4ಕೆ ಅಂದರೂ ಸುಮಾರು 8 ಮೆಗಾಪಿಕ್ಸೆಲ್ ಅಷ್ಟೇ. ಹಳೇ ಕ್ಯಾನನ್ 1200ಡಿಯಲ್ಲೇ 18 ಇದೆ.

ನಾನೂ ಹೀಗೇ ಮೆಗಾಪಿಕ್ಸೆಲ್ ಲೆಕ್ಕ ಹಾಕುತ್ತಾ ಕೂತವನು. ಕೊನೆಗೆ ಕಿಟ್ ಲೆನ್ಸ್ ಜೊತೆ ಒಂದು ಡಿಎಸ್‌ಎಲ್‌ಆರ್ ಕೊಂಡೆ. ಒಳಗೆ ಅಲ್ಯೂಮಿನಿಯಂ ತಂತಿ, ಮೇಲೆ ಕ್ಲೇ, ಹೀಗೆ ರೊಟ್ಟಿ ತಟ್ಟುವ ಒಬ್ಬಳು ಅಜ್ಜಿಯ ಗೊಂಬೆ ಮಾಡಿದೆ. ಫೋಟೊಗಳನ್ನು ಓಡಿಸಿ ನೋಡಿದರೆ ಅಜ್ಜಿಯ ಕೈ ಚೆನ್ನಾಗಿಯೇ ಆಡುತ್ತಿತ್ತು, ಹಿಂದಿನ ಗೋಡೆ ಮಾತ್ರ ಸ್ಟಾರ್ಟರ್ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿನುಗುತ್ತಿತ್ತು.

ಎಲ್ಲವೂ ಮ್ಯಾನ್ಯುಯಲ್‌ನಲ್ಲೇ ಇತ್ತು. ಐಎಸ್‌ಒ, ಶಟರ್, ಫೋಕಸ್, ವೈಟ್ ಬ್ಯಾಲೆನ್ಸ್, ಯಾವುದೂ ಆಟೊ ಅಲ್ಲ. ಕಿಟಕಿಗೆ ಕಂಬಳಿ ಕಟ್ಟಿದೆ. ವೋಲ್ಟೇಜ್ ಏರುಪೇರು ಇರಬಹುದು ಅಂತ ಸ್ಟೆಬಿಲೈಸರ್ ತಂದೆ. ಮಿನುಗು ಹೋಗಲಿಲ್ಲ. ಹಾಗಾದರೆ ಕ್ಯಾಮೆರಾನೇ ಸರಿಯಿಲ್ಲ ಅಂದುಕೊಂಡು ಅರ್ಧ ಬೆಲೆಗೆ ಮಾರಿ, ಸಾಲ ಮಾಡಿ ಮಿರರ್‌ಲೆಸ್ ಕ್ಯಾಮೆರಾ ತಂದೆ. ಅದರಲ್ಲೂ ಅದೇ ಮಿನುಗು! ಹಳೆಯದನ್ನು ಕೊಂಡವರು ಈಗಲೂ ಅದರಲ್ಲೇ ಮದುವೆ ಫೋಟೊ ತೆಗೆಯುತ್ತಿದ್ದಾರೆ.

ತಪ್ಪು ಇದ್ದದ್ದು ಲೆನ್ಸಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳಲ್ಲ. ಲೆನ್ಸಿನೊಳಗೆ ಬೆಳಕು ಬರುವ ತೂತನ್ನು (ಅಪರ್ಚರ್) ಹಿಗ್ಗಿಸಿ ಕುಗ್ಗಿಸುವ ಬ್ಲೇಡುಗಳಿವೆ. ನೀವು ಆ ತೂತಿನ ಅಳತೆಯನ್ನು ಎಫ್/8 ಅಂತ ಇಟ್ಟರೂ ಈ ಬ್ಲೇಡುಗಳು ಸುಮ್ಮನಿರುವಾಗ ಪೂರ್ತಿ ತೆರೆದೇ ಇರುತ್ತವೆ. ಕ್ಲಿಕ್ ಮಾಡಿದಾಗ ಮುಚ್ಚಿಕೊಂಡು 8ಕ್ಕೆ ಬರುತ್ತವೆ, ಆಮೇಲೆ ಮತ್ತೆ ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಕರಾರುವಾಕ್ಕಾಗಿ ಅದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ. ಕೂದಲೆಳೆ ಆಚೀಚೆ ಆಗುತ್ತದೆ. ಒಂದು ಫೋಟೊದಲ್ಲಿ ಅದು ಯಾರ ಕಣ್ಣಿಗೂ ಬೀಳಲ್ಲ. ಸೆಕೆಂಡಿಗೆ 12 ಫೋಟೊ ಓಡಿಸಿದಾಗ ಗೋಡೆ ಮಿನುಗುತ್ತದೆ. ಮ್ಯಾನ್ಯುಯಲ್ ಮೋಡ್ ಹಿಡಿದಿಡುವುದು ನಂಬರನ್ನು, ಬ್ಲೇಡನ್ನಲ್ಲ.

ಕ್ಯಾನನ್ ಡಿಎಸ್‌ಎಲ್‌ಆರ್ ಆದರೆ ಖರ್ಚಿಲ್ಲದ ಉಪಾಯ ಒಂದಿದೆ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ (ಕ್ಲಿಕ್ ಮಾಡದೆಯೇ ಬ್ಲೇಡುಗಳನ್ನು ಮುಚ್ಚಿಸುವ ಗುಂಡಿ) ಒತ್ತಿ ಹಿಡಿದು, ಲೆನ್ಸ್ ಬಿಚ್ಚುವ ಗುಂಡಿ ಒತ್ತಿ, ಲೆನ್ಸನ್ನು ಒಂಚೂರು ತಿರುಗಿಸಿ. ಸಂಪರ್ಕ ತಪ್ಪಿ ಬ್ಲೇಡುಗಳು ಮುಚ್ಚಿದಲ್ಲೇ ನಿಲ್ಲುತ್ತವೆ. ಪರದೆ ಮೇಲೆ ಎಫ್00 ಅಂತ ಬಂದರೆ ಆಯಿತು. ಜಾಸ್ತಿ ತಿರುಗಿಸಿದರೆ ಲೆನ್ಸ್ ಕೈಗೇ ಬರುತ್ತದೆ, ಹುಷಾರು. ಇದಕ್ಕಿಂತ ನೆಮ್ಮದಿಯ ದಾರಿ ಅಂದರೆ ಬ್ಲೇಡುಗಳನ್ನು ಕೈಯಲ್ಲೇ ತಿರುಗಿಸಿ ಇಡುವ ಅಪರ್ಚರ್ ರಿಂಗ್ ಇರುವ ಹಳೇ ನಿಕಾನ್ ಲೆನ್ಸ್, ಅದನ್ನು ಕ್ಯಾನನ್‌ಗೆ ಕೂರಿಸಲು ಒಂದು ಅಡಾಪ್ಟರ್. 2005ರ ಸ್ಟಾಪ್ ಮೋಷನ್ ಸಿನಿಮಾ 'ಕಾರ್ಪ್ಸ್ ಬ್ರೈಡ್' ತೆಗೆದದ್ದೂ ಕ್ಯಾನನ್ ಕ್ಯಾಮೆರಾಗೆ ನಿಕಾನ್ ಲೆನ್ಸ್ ಹಾಕಿಯೇ.

ಆದರೆ ನನ್ನನ್ನು ಕೇಳಿದರೆ ಈಗಲೇ ಕ್ಯಾಮೆರಾ ಕೊಳ್ಳಲೇಬೇಡಿ. ನಿಮ್ಮ ಕೈಯಲ್ಲಿ ಫೋನ್ ಇದೆ ಅಲ್ವಾ? ಬಹುತೇಕ ಫೋನ್‌ಗಳಲ್ಲಿ ಈ ಬ್ಲೇಡುಗಳೇ ಇಲ್ಲ, ಹಾಗಾಗಿ ಈ ರಗಳೆಯೂ ಇಲ್ಲ. ಸ್ಟಾಪ್ ಮೋಷನ್ ಸ್ಟುಡಿಯೊ ಆ್ಯಪ್ ಹಾಕಿಕೊಂಡು ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಹತ್ತು ಸೆಕೆಂಡಿನ ಸೀನಿಗೆ 120 ಫೋಟೊ. ಅಷ್ಟು ಮುಗಿಸುವ ತಾಳ್ಮೆ ನಿಮಗಿದೆಯಾ ಅಂತ ಮೊದಲು ಗೊತ್ತಾಗಲಿ. ಅಲ್ಲಾಡದ ಸ್ಟ್ಯಾಂಡಿಗೆ, ಎರಡು ಒಳ್ಳೆಯ ಎಲ್‌ಇಡಿ ದೀಪಕ್ಕೆ ದುಡ್ಡು ಹಾಕಿ. ಕಿಟಕಿ ಬೆಳಕು ಬೇಡವೇ ಬೇಡ, ಮೋಡ ನಿಮ್ಮ ಮಾತು ಕೇಳಲ್ಲ.

ಆಮೇಲೂ ಡಿಎಸ್‌ಎಲ್‌ಆರ್ ಬೇಕೇ ಬೇಕು ಅನಿಸಿದರೆ ಸೆಕೆಂಡ್ ಹ್ಯಾಂಡ್ ಬಾಡಿ ಸಾಕು. ಲೈವ್ ವ್ಯೂ (ದೃಶ್ಯವನ್ನು ನೇರವಾಗಿ ಪರದೆ ಮೇಲೆ ತೋರಿಸುವುದು) ಇದೆಯಾ, ಸ್ಟಾಪ್ ಮೋಷನ್‌ಗೆಂದೇ ಇರುವ ಡ್ರ್ಯಾಗನ್‌ಫ್ರೇಮ್ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ನೋಡಿಕೊಳ್ಳಿ. ಜೊತೆಗೆ ಕರೆಂಟಿಗೆ ಸಿಕ್ಕಿಸುವ ಡಮ್ಮಿ ಬ್ಯಾಟರಿ ತೆಗೆದುಕೊಳ್ಳಿ. ಸೀನ್ ಮಧ್ಯೆ ಬ್ಯಾಟರಿ ಬದಲಿಸಲು ಹೋದರೆ ಕ್ಯಾಮೆರಾ ಅಲುಗಿ ಅಲ್ಲಿವರೆಗಿನ ಕೆಲಸವೆಲ್ಲ ನೀರುಪಾಲು.

ಹ್ಞಾಂ, ಬಿಳಿ ಅಂಗಿ ಹಾಕಿಕೊಂಡು ಕೂರಬೇಡಿ. ಅದರಿಂದ ಬೆಳಕು ಚಿಮ್ಮಿ ಗೊಂಬೆ ಮೇಲೆ ಬೀಳುತ್ತದೆ, ನೀವು ಕೂತ ಜಾಗ ಒಂಚೂರು ಬದಲಾದರೂ ಫ್ರೇಮಿನಲ್ಲಿ ಕಾಣುತ್ತದೆ.