ಬೇಳೆ ಇರಲಿ, ಆ ಮಾತ್ರೆ ಮೊದಲು ನಿಲ್ಲಿಸಿ

ಪ್ರಶ್ನೆ: ನಮ್ಮ ಅಪ್ಪನಿಗೆ 58 ವರ್ಷ, ಗದ್ದೆ ಕೆಲಸ. ಹೋದ ತಿಂಗಳು ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿತು. ಹೊದಿಕೆ ತಗುಲಿದರೂ ಚೀರುತ್ತಿದ್ದರು. ಯೂರಿಕ್ ಆಸಿಡ್ 9.1 ಬಂದಿದೆ. ಬೇಳೆ ಬಿಡಿಸಿ ಅಂತ ಎಲ್ಲರೂ ಹೇಳ್ತಾರೆ. ಅಪ್ಪ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗ್ತಾ ಇದ್ದಾರೆ. ಏನು ಮಾಡಲಿ?
– ಓದುಗರು, ಸಿಂಧನೂರು

ಉತ್ತರ: ಮೊದಲು ಆ ಮಾತ್ರೆಯ ಮಾತು. ಮಾನ್ವಿ ಕಡೆಯ ನಮ್ಮ ಸೋದರಮಾವನಿಗೂ ಇದೇ ಕಾಯಿಲೆ ಇತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಬೆರಳು ಊದಿದರೆ ಅಂಗಿ ಜೇಬಿನಿಂದ ಮಾತ್ರೆ ತೆಗೆದು, ಒಂದು ಗುಟುಕು ನೀರಲ್ಲಿ ನುಂಗಿ ಹೊಲಕ್ಕೆ ಇಳಿಯುತ್ತಿದ್ದರು. ಆರೇಳು ವರ್ಷ ಹೀಗೇ ನಡೀತು. ಪರೀಕ್ಷೆ ಮಾಡಿಸುವ ಹೊತ್ತಿಗೆ ಆ ನೋವಿನ ಮಾತ್ರೆಗಳಿಂದ ಕಿಡ್ನಿ ಸೋತಿತ್ತು. ಆಗ ನಾನಿನ್ನೂ ಡಾಕ್ಟರಿಕೆ ಓದುತ್ತಿದ್ದೆ. ಒಂದು ಸಲವಾದರೂ ಕೇಳಬೇಕಿತ್ತು ಅನ್ನೋ ಸಂಕಟ ಇವತ್ತಿಗೂ ಇದೆ.

ಯೂರಿಕ್ ಆಸಿಡ್ ಅಂದರೆ ಮೈಯಲ್ಲಿ ತಯಾರಾಗಿ ರಕ್ತ ಸೇರುವ ಒಂದು ಕಸ. ಅದರ ಮೂರರಲ್ಲಿ ಎರಡು ಪಾಲನ್ನು ಹೊರಗೆ ಹಾಕುವುದು ಕಿಡ್ನಿಯೇ. ಅದಕ್ಕೇ ಪೆಟ್ಟು ಬಿದ್ದರೆ ಆಸಿಡ್ ಇನ್ನೂ ಏರುತ್ತದೆ. 100 ಮಿ.ಲೀ. ರಕ್ತದಲ್ಲಿ ಸುಮಾರು 6.8 ಮಿ.ಗ್ರಾಂ ದಾಟಿದರೆ ಅದು ಕರಗಿ ಇರಲಾರದು. ಸೂಜಿಯಂಥ ಹರಳಾಗಿ ಕೀಲಿನಲ್ಲಿ ಕೂರುತ್ತದೆ. ಕಾಲಿನ ಬೆರಳು ಮೈಯಲ್ಲಿ ತಂಪಾಗಿರುವ ಜಾಗ, ಅಲ್ಲಿಗೇ ಮೊದಲ ಏಟು. ಇದಕ್ಕೆ ಗೌಟ್ ಅಂತಾರೆ.

ಇನ್ನು ಬೇಳೆ. ಬಡಪಾಯಿ ತೊಗರಿಯನ್ನು ಸುಮ್ನೆ ದೂರಬೇಡಿ. ಬೇಳೆಕಾಳು ತಿಂದರೆ ಗೌಟ್ ಜಾಸ್ತಿ ಆಗುತ್ತದೆ ಅನ್ನೋದು ಅಧ್ಯಯನಗಳಲ್ಲಿ ಕಂಡಿಲ್ಲ. ರೊಟ್ಟಿ, ಬೇಳೆ, ಮಜ್ಜಿಗೆ ಎಲ್ಲ ಇರಲಿ. ಬಿಡಬೇಕಾದ್ದು ಬೋಟಿ, ಲಿವರ್, ಬೀರು, ಹೆಂಡ, ಸಕ್ಕರೆ ತುಂಬಿದ ಕೂಲ್ ಡ್ರಿಂಕ್ಸ್. ನಮ್ಮ ರಾಯಚೂರು ಬಿಸಿಲಲ್ಲಿ ಗದ್ದೆಗೆ ಹೋಗುವವರು ನೀರಿನ ಬಾಟಲಿ ಮರೆಯಲೇಬಾರದು, ಮೈ ಒಣಗಿದರೂ ನೋವು ಮರುಕಳಿಸುತ್ತದೆ.

ಊಟದಿಂದಲೇ 9.1 ಇಳಿಯೋದು ಕಷ್ಟ. ನೋವು ಮತ್ತೆ ಮತ್ತೆ ಬಂದರೆ ಡಾಕ್ಟರು ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಕೊಡಬಹುದು. ಕಡಿಮೆ ಪ್ರಮಾಣದಿಂದ ಶುರು ಮಾಡಿ, 6ರ ಕೆಳಗೆ ಬರುವವರೆಗೆ ನಿಧಾನಕ್ಕೆ ಏರಿಸುತ್ತಾರೆ. ಮೊದಲ ಕೆಲವು ತಿಂಗಳು ನೋವು ಮತ್ತೆ ಬರಬಹುದು, ಹೆದರಿ ಬಿಡಬೇಡಿ. ಆದರೆ ಮೈಮೇಲೆ ಗುಳ್ಳೆ, ತುರಿಕೆ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ.

ಬಿಪಿಯ ಕೆಲವು ಮಾತ್ರೆಗಳಿಂದಲೂ ಯೂರಿಕ್ ಆಸಿಡ್ ಏರುತ್ತದೆ, ಅಪ್ಪ ತಗೊಳ್ತಿದ್ದರೆ ತಿಳಿಸಿ. ಈ ವಾರವೇ ಕ್ರಿಯಾಟಿನಿನ್ ಪರೀಕ್ಷೆ, ಅಂದರೆ ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ, ಮಾಡಿಸಿ. ಹೋಗುವಾಗ ಅಂಗಡಿ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಯಾವುದು, ಎಷ್ಟು ದಿನ ನುಂಗಿದರು ಅಂತ ಡಾಕ್ಟರಿಗೆ ಗೊತ್ತಾಗಬೇಕು, ಅಲ್ವಾ?