ಅಜ್ಜಿಯ ಡಬ್ಬಿಯಿಂದ ಶುರುಮಾಡಿ

ಪ್ರಿಯ ತಂಗಿ,

ನಮಸ್ಕಾರ. ‘ದೇವರ ಶಾಶ್ವತ ಆಳ್ವಿಕೆ ಮತ್ತು ನ್ಯಾಯತೀರ್ಪು’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಸುಮ್ನೆ ಓದಿದೆ, ಮೂರನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಈಗ ಇರುವ ಹಾಗೆ ಇದನ್ನು ನಾನು ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಪತ್ರ ಪೂರ್ತಿ ನೀವು ಅದನ್ನೇ ಹುಡುಕುತ್ತಾ ಓದುತ್ತೀರಿ. ಆದರೆ ನವೆಂಬರ್ ಸಂಚಿಕೆಗೆ ನಿಮ್ಮ ಲೇಖನವೇ ಬೇಕು ಅಂತ ಜಾಗ ಹಿಡಿದಿಟ್ಟಿದ್ದೇನೆ.

ನೀವು ಕಳಿಸಿದ್ದು ಒಂಬತ್ತು ಪುಟ. ಏಳನೇ ಪುಟದಲ್ಲಿ ನಿಮ್ಮ ಅಜ್ಜಿ ಬರುತ್ತಾರೆ. ಯೋಜನೆಗೆ ಜಾಗ ಹೋಗಿ, ಕಡಲ ದಂಡೆಯ ಮನೆ ಬಿಟ್ಟು, ಕಾಲೋನಿಗೆ ಬಂದವರು. ಪರಿಹಾರದ ದುಡ್ಡಿಗಾಗಿ ವರ್ಷಗಟ್ಟಲೆ ಕಚೇರಿಗೆ ಓಡಾಡಿದವರು. ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ ಪಹಣಿ, ತೆರಿಗೆ ರಸೀದಿ, ತೆಂಗಿನಮರ ಎಣಿಸಿ ಬರೆದುಕೊಟ್ಟ ಚೀಟಿ. ಒಂದು ದಿನ ಗುಮಾಸ್ತರು, ಫೈಲು ಸಿಗುತ್ತಿಲ್ಲ, ಹೊಸದಾಗಿ ಅರ್ಜಿ ಕೊಡಿ ಅಂದರು. ಅಜ್ಜಿ ಜಗಳ ಮಾಡಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿ, ನಿಮಗೊಂದು ಮಾತು ಹೇಳಿದರು. ನೀವು ಅದನ್ನು ಹೀಗೆ ಬರೆದಿದ್ದೀರಿ: “ಪರಮಾತ್ಮನ ನ್ಯಾಯಾಲಯದಲ್ಲಿ ಯಾವ ದಾಖಲೆಯೂ ನಷ್ಟವಾಗದು, ಮಗುವೇ.”

ನಿಮ್ಮ ಅಜ್ಜಿ ಹೀಗೆ ಮಾತಾಡಿರಲಾರರು, ಅಲ್ವಾ? ಅವರು ಕೊಂಕಣಿಯಲ್ಲಿ ಹೇಳಿರಬೇಕು. ಕನ್ನಡಕ್ಕೆ ತಂದರೆ “ದೇವರ ಹತ್ರ ಫೈಲು ಕಳೆಯೂದಿಲ್ಲ ಮಗಾ” ಅಂತ ಆಗಬಹುದು. ಅವರ ಬಾಯಿಂದ ಬಂದ ಕೊಂಕಣಿ ಶಬ್ದಗಳು ನೆನಪಿದ್ದರೆ ಅವನ್ನೇ ಬರೆಯಿರಿ, ಪಕ್ಕದಲ್ಲಿ ಕನ್ನಡ ಕೊಡಿ. ನಮ್ಮ ಜಿಲ್ಲೆಯ ಓದುಗರಿಗೆ ಅದು ಭಾರವಾಗುವುದಿಲ್ಲ.

ಆ ಒಂದು ಮಾತು ಓದಿದಾಗ ನಾನು ಪೆನ್ಸಿಲ್ ಕೆಳಗಿಟ್ಟೆ. ನಿಮ್ಮ ವಿಷಯ ಪೂರ್ತಿ ಅದರಲ್ಲಿದೆ. ಬೈಬಲಿನ ಒಂಬತ್ತನೇ ಕೀರ್ತನೆ ಹೇಳುವುದೂ ಅದನ್ನೇ: ದೇವರು ಸದಾಕಾಲ ಸಿಂಹಾಸನದಲ್ಲಿ ಕೂತಿದ್ದಾನೆ, ನ್ಯಾಯ ತೀರಿಸುವುದಕ್ಕೇ ಆ ಸಿಂಹಾಸನ ಹಾಕಿದ್ದಾನೆ, ಬಡವರ ಕೂಗನ್ನು ಅವನು ಮರೆಯುವುದಿಲ್ಲ. ದಾನಿಯೇಲನ ಏಳನೇ ಅಧ್ಯಾಯದಲ್ಲಿ ನ್ಯಾಯಸಭೆ ಕೂರುತ್ತದೆ, ಪುಸ್ತಕಗಳು ತೆರೆಯುತ್ತವೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಇಪ್ಪತ್ತನೇ ಅಧ್ಯಾಯದಲ್ಲಿ ಮತ್ತೆ ಪುಸ್ತಕಗಳು ತೆರೆಯುತ್ತವೆ. ಈ ಪುಸ್ತಕ ಅಂದರೆ ನಮ್ಮ ಪಾಪದ ಪಟ್ಟಿ ಅಂತಷ್ಟೇ ನಮಗೆ ಕಲಿಸಿದ್ದಾರೆ. ನಿಮ್ಮ ಅಜ್ಜಿ ಅದನ್ನು ಬೇರೆ ಕಡೆಯಿಂದ ನೋಡಿದರು. ಅವರ ಮಟ್ಟಿಗೆ ಆ ಪುಸ್ತಕ ಅಂದರೆ, ತನಗೆ ಆದ ಅನ್ಯಾಯ ಎಲ್ಲೋ ಒಂದು ಕಡೆ ಬರೆದಿಟ್ಟಿದೆ ಎಂಬ ಧೈರ್ಯ. ಇಷ್ಟು ದೊಡ್ಡ ಮಾತನ್ನು ನೀವು ಏಳನೇ ಪುಟದ ಅಡಿಯಲ್ಲಿ ಎರಡು ಸಾಲಿಗೆ ಮುಗಿಸಿದ್ದೀರಿ.

ಅದಕ್ಕೂ ಮುಂಚಿನ ಆರು ಪುಟದಲ್ಲಿ ಏನಿದೆ? ಬೆಂಕಿ ಇದೆ. ‘ಘೋರ’ ಎಂಬ ಶಬ್ದ ಹದಿನಾಲ್ಕು ಸಲ ಇದೆ. ‘ದಂಡನಾಧಿಕಾರ’, ‘ಸಾರ್ವಭೌಮತ್ವ’, ‘ಭಯಭಕ್ತಿಪೂರಿತ’ ಇವೆಲ್ಲ ಇವೆ. ಮನೆಯಲ್ಲಿ, ಶಾಲೆಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ನೀವು ಆಡದ ಶಬ್ದಗಳು. ಬೆಂಕಿಯ ಮಾತು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಯೇಸುವೇ ಅದನ್ನು ಆಡಿದ್ದಾನೆ, ಸಂಪಾದಕನಾದವನು ಅದರ ಮೇಲೆ ಗೆರೆ ಎಳೆಯುವ ಹಾಗಿಲ್ಲ. ನನ್ನ ತಕರಾರು ಬೇರೆ. ನಿಮ್ಮ ಲೇಖನದಲ್ಲಿ ತೀರ್ಪು ಅಂದರೆ ಎಲ್ಲರಿಗೂ ಭಯ. ಆದರೆ ಬೈಬಲಿನಲ್ಲಿ ತೀರ್ಪಿನ ಸುದ್ದಿ ಕೇಳಿ ಕುಣಿಯುವವರೂ ಇದ್ದಾರೆ.

ನಾನು ಹುಟ್ಟಿ ಬೆಳೆದದ್ದು ಹೊನ್ನಾವರದ ಕಡೆ. ಚಿಕ್ಕವನಿದ್ದಾಗ ಧರ್ಮೋಪದೇಶದ ತರಗತಿಯಲ್ಲಿ, ದೇವರ ಹತ್ತಿರ ಒಂದು ಕಪ್ಪು ಪುಸ್ತಕ ಇದೆ, ನೀನು ಮಾಡಿದ್ದೆಲ್ಲ ಅದರಲ್ಲಿ ಬರುತ್ತದೆ ಅಂತ ಹೇಳಿಕೊಟ್ಟರು. ಪಕ್ಕದ ಮನೆಯ ಪೇರಳೆಹಣ್ಣು ಕದ್ದ ರಾತ್ರಿ ನಾನು ಅಮ್ಮನ ಸೆರಗು ಹಿಡಿದುಕೊಂಡು ಮಲಗಿದ್ದು ಇನ್ನೂ ನೆನಪಿದೆ. ಎಷ್ಟೋ ವರ್ಷ ತೀರ್ಪು ಅಂದರೆ ಆ ಕಪ್ಪು ಪುಸ್ತಕವೇ ಕಣ್ಣಮುಂದೆ ಬರುತ್ತಿತ್ತು. ಆಮೇಲೆ ತೊಂಬತ್ತಾರನೇ ಕೀರ್ತನೆ ಓದಿದೆ. ಅದರಲ್ಲಿ ಸಮುದ್ರ ಮೊರೆಯುತ್ತದೆ, ಹೊಲ ಉಲ್ಲಾಸಪಡುತ್ತದೆ, ಕಾಡಿನ ಮರಗಳೆಲ್ಲ ಹಾಡುತ್ತವೆ. ಯಾಕೆ? ದೇವರು ಭೂಮಿಗೆ ನ್ಯಾಯ ತೀರಿಸಲು ಬರುತ್ತಿದ್ದಾನೆ ಅಂತ. ತೊಂಬತ್ತೆಂಟನೆಯದರಲ್ಲಿ ನದಿಗಳು ಚಪ್ಪಾಳೆ ತಟ್ಟುತ್ತವೆ, ಕಾರಣ ಅದೇ. ನಿಮ್ಮೂರಲ್ಲಿ ಕಾಳಿ ನದಿ ಸಮುದ್ರಕ್ಕೆ ಸೇರುವ ಕಡೆ ನಿಂತು ಆ ಸಾಲುಗಳನ್ನು ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ನನ್ನ ಭಯ ಬಿಟ್ಟದ್ದು ಆ ಸಾಲುಗಳಿಂದ.

ಇಲ್ಲಿ ಕನ್ನಡವೇ ನಿಮಗೆ ಸಹಾಯ ಮಾಡುತ್ತದೆ. ಹಳೆ ಒಡಂಬಡಿಕೆಯಲ್ಲಿ ಯೆಹೋಶುವ ಮುಗಿದ ಮೇಲೆ ಬರುವ ಪುಸ್ತಕಕ್ಕೆ ನಮ್ಮ ಕನ್ನಡ ಬೈಬಲಿನಲ್ಲಿ ಏನು ಹೆಸರು? ‘ನ್ಯಾಯಸ್ಥಾಪಕರು’. ಹೀಬ್ರೂವಿನ ಆ ಶಬ್ದಕ್ಕೆ ಶಿಕ್ಷೆ ಕೊಡುವವರು ಅಂತಷ್ಟೇ ಅರ್ಥ ಅಲ್ಲ. ಕೆಟ್ಟುಹೋದದ್ದನ್ನು ಸರಿಮಾಡುವವರು, ಸಿಕ್ಕಿಬಿದ್ದವರನ್ನು ಬಿಡಿಸುವವರು ಅಂತಲೂ ಆಗುತ್ತದೆ. ಅವರಲ್ಲೊಬ್ಬಳು ದೆಬೋರ. ಖರ್ಜೂರದ ಮರದ ಕೆಳಗೆ ಕೂರುತ್ತಿದ್ದಳು, ಜನ ತಮ್ಮ ವ್ಯಾಜ್ಯ ತೆಗೆದುಕೊಂಡು ತಾವಾಗಿಯೇ ಅವಳ ಹತ್ತಿರ ಹೋಗುತ್ತಿದ್ದರು. ಡಬ್ಬಿ ಹಿಡಿದುಕೊಂಡು ನಿಮ್ಮ ಅಜ್ಜಿ ಹೋಗಬಹುದಾದ ಜಾಗ ಅದು.

ಈಗ ಎರಡು ತಪ್ಪು. ‘ಆತನ ರಾಜ್ಯಕ್ಕೆ ಅಂತ್ಯವಿಲ್ಲ’ ಎಂಬ ಮಾತು 325ರಲ್ಲಿ ಬಿಷಪರು ಸೇರಿದ್ದ ನೈಸಿಯಾ ಸಭೆಯದ್ದು ಅಂತ ಬರೆದಿದ್ದೀರಿ. 325ರ ವಿಶ್ವಾಸ ಸೂತ್ರದಲ್ಲಿ, ಅಂದರೆ ನಂಬಿಕೆಯನ್ನು ಚಿಕ್ಕದಾಗಿ ಹೇಳುವ ಸಾಲುಗಳಲ್ಲಿ, ಕ್ರಿಸ್ತ ಜೀವಿಸುವವರಿಗೂ ಸತ್ತವರಿಗೂ ತೀರ್ಪು ಕೊಡಲು ಬರುತ್ತಾನೆ ಎಂಬುದು ಇತ್ತು. ‘ಅಂತ್ಯವಿಲ್ಲ’ ಎಂಬುದು ಸೇರಿದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಸೂತ್ರದಲ್ಲಿ. ಕ್ರಿಸ್ತನ ಆಳ್ವಿಕೆ ಒಂದು ದಿನ ಮುಗಿದು ಎಲ್ಲ ತಂದೆಗೆ ಹೋಗುತ್ತದೆ ಎಂಬ ಬೋಧನೆ ನಡುವೆ ಹಬ್ಬಿತ್ತು, ಅದಕ್ಕೆ ಉತ್ತರವಾಗಿ ಬಂದ ಮಾತದು. ಮಾತಿನ ಬೇರು ಇನ್ನೂ ಹಿಂದಿದೆ, ಲೂಕನ ಮೊದಲ ಅಧ್ಯಾಯದಲ್ಲಿ ದೂತ ಮರಿಯಳಿಗೆ ಹೇಳುವುದರಲ್ಲಿ. ಹಾಗೆಯೇ ಕ್ರಿಸ್ತರಾಜನ ಹಬ್ಬ ‘ಪುರಾತನ ಕಾಲದಿಂದ’ ಬಂದದ್ದಲ್ಲ. ಹನ್ನೊಂದನೇ ಪಯಸ್ ಪೋಪರು ಅದನ್ನು ಶುರುಮಾಡಿದ್ದು 1925ರಲ್ಲಿ. ಮೊದಲ ಮಹಾಯುದ್ಧ ಮುಗಿದಿತ್ತು. ರಷ್ಯ, ಜರ್ಮನಿ, ಆಸ್ಟ್ರಿಯಾದ ಸಿಂಹಾಸನಗಳು ಉರುಳಿದ್ದವು. ಇಟಲಿಯಲ್ಲಿ ಮುಸೊಲಿನಿ ಬಂದಾಗಿತ್ತು. ಅಂಥ ಹೊತ್ತಿನಲ್ಲಿ, ಉರುಳದ ಆಳ್ವಿಕೆ ಒಂದಿದೆ ಅಂತ ಹೇಳುವುದಕ್ಕೆ ಬಂದ ಹಬ್ಬ. ಪುರಾತನ ಅಂದುಬಿಟ್ಟರೆ ಈ ಕಥೆ ಕೈತಪ್ಪುತ್ತದೆ.

‘ಶಾಶ್ವತ’ ಎಂಬ ಶಬ್ದ ನಿಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ, ಆದರೆ ಶಾಶ್ವತವಲ್ಲದ್ದು ಯಾವುದು ಅಂತ ಒಂದೂ ಕಣ್ಣಿಗೆ ಕಾಣುವುದಿಲ್ಲ. ದಿನಾ ಸೇತುವೆ ದಾಟುವಾಗ ಸದಾಶಿವಗಡ ನೋಡುತ್ತೀರಲ್ಲ. ಸೋದೆಯ ಅರಸರು ಕಟ್ಟಿಸಿದ ಕೋಟೆ. ಪೋರ್ಚುಗೀಸರ ಕೈಗೆ ಹೋಯಿತು, ಬ್ರಿಟಿಷರ ಕೈಗೂ ಹೋಯಿತು. ಈಗ ಗುಡ್ಡ ಸೀಳಿಕೊಂಡು ಹೆದ್ದಾರಿ ಹೋಗಿದೆ. ಅದನ್ನು ಎರಡು ಸಾಲಿನಲ್ಲಿ ಹೇಳಿ, ಸಾಕು.

ನನಗೆ ನಿಜಕ್ಕೂ ನೋವಾದದ್ದು ಎಂಟನೇ ಪುಟದಲ್ಲಿ. ಪರಿಹಾರ ಬರುವ ಮೊದಲೇ ಅಜ್ಜಿ ತೀರಿಕೊಂಡರು ಅಂತ ಬರೆದು, ಮುಂದಿನ ವಾಕ್ಯದಲ್ಲೇ “ಆದರೂ ದೇವರು ನ್ಯಾಯವಂತನು” ಅಂದಿದ್ದೀರಿ. ನೀವು ಅದನ್ನು ನಂಬುತ್ತೀರಿ, ನಾನೂ ನಂಬುತ್ತೇನೆ. ಆದರೆ ಆ ಎರಡು ವಾಕ್ಯದ ನಡುವೆ ಒಂದು ದೊಡ್ಡ ಹಳ್ಳ ಇದೆ, ನೀವು ಕಣ್ಣುಮುಚ್ಚಿ ಜಿಗಿದುಬಿಟ್ಟಿದ್ದೀರಿ. ಕೀರ್ತನಕಾರರು ಹಾಗೆ ಜಿಗಿಯುವುದಿಲ್ಲ. ಒಂಬತ್ತನೇ ಕೀರ್ತನೆಯಲ್ಲಿ ದೇವರು ಸಿಂಹಾಸನದ ಮೇಲಿದ್ದಾನೆ ಅಂತ ಹಾಡಿದ ಬಾಯಿ, ಹತ್ತನೆಯದು ಶುರುವಾಗುತ್ತಲೇ, ದೇವರೇ ಯಾಕೆ ದೂರ ನಿಂತಿದ್ದೀ, ಕಷ್ಟಕಾಲದಲ್ಲಿ ಯಾಕೆ ಮರೆಯಾಗಿದ್ದೀ ಅಂತ ಕೇಳುತ್ತದೆ. ಹಳೆಯ ಗ್ರೀಕ್ ಬೈಬಲಿನಲ್ಲಿ ಇವೆರಡೂ ಸೇರಿ ಒಂದೇ ಕೀರ್ತನೆ. ಹೀಬ್ರೂವಿನಲ್ಲೂ ಸಾಲುಗಳು ಅಕ್ಷರಮಾಲೆಯ ಕ್ರಮದಲ್ಲಿ ಶುರುವಾಗುತ್ತವೆ, ಆ ಒಂದೇ ಕ್ರಮ ಎರಡರಲ್ಲೂ ಮುಂದುವರಿಯುತ್ತದೆ, ನಡುನಡುವೆ ಕೆಲವು ಅಕ್ಷರ ತಪ್ಪಿದೆ ಅಷ್ಟೇ. ಅಂದರೆ ನಂಬಿಕೆ ಮತ್ತು ದೂರು ಒಂದೇ ಹಾಡಿನ ಎರಡು ಭಾಗ. ಪ್ರಕಟನೆಯ ಆರನೇ ಅಧ್ಯಾಯದಲ್ಲಿ ಕೊಲೆಯಾದ ಸಾಕ್ಷಿಗಳೂ ಬಲಿಪೀಠದ ಕೆಳಗಿನಿಂದ, ಇನ್ನೆಷ್ಟು ಕಾಲ, ಅಂತ ಕೂಗುತ್ತಾರೆ. ಅವರಿಗೆ ಸಿಕ್ಕ ಉತ್ತರ, ಇನ್ನೂ ಸ್ವಲ್ಪ ಕಾಲ ಕಾಯಿರಿ ಅಂತ. ಅಲ್ಲೂ ಕಾಯುವುದು ತಪ್ಪಲಿಲ್ಲ. ನಿಮ್ಮ ಅಜ್ಜಿಯ ಪರವಾಗಿ ಆ ಪ್ರಶ್ನೆಯನ್ನು ನೀವು ಕೇಳಲೇಬೇಕು. ಕೇಳಿದರೆ ನಂಬಿಕೆ ಕಮ್ಮಿಯಾಯಿತು ಅಂತ ಯಾರೂ ಅಂದುಕೊಳ್ಳುವುದಿಲ್ಲ.

ಇನ್ನೊಂದು ಮಾತು. ಒಂಬತ್ತು ಪುಟದಲ್ಲಿ ಎಲ್ಲೂ ಶಿಲುಬೆ ಇಲ್ಲ. ಅದು ಹೇಗೆ ಬಿಟ್ಟುಹೋಯಿತೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ತೀರ್ಪು ಕೊಡಲು ಬರುವವನು ಅಂತ ನಾವು ಯಾರನ್ನು ಒಪ್ಪುತ್ತೇವೋ ಅವನೇ ಒಂದು ದಿನ ರೋಮನ್ ಅಧಿಕಾರಿ ಪಿಲಾತನ ಮುಂದೆ ಕಟಕಟೆಯಲ್ಲಿ ನಿಂತಿದ್ದ. ತಪ್ಪಿಲ್ಲ ಅಂತ ಪಿಲಾತನಿಗೆ ಗೊತ್ತಿತ್ತು. ಗೊತ್ತಿದ್ದೂ ನೀರು ತರಿಸಿ ಕೈತೊಳೆದುಕೊಂಡ. ಇವತ್ತಿಗೂ ಪ್ರತಿ ಭಾನುವಾರ ವಿಶ್ವಾಸ ಸೂತ್ರದಲ್ಲಿ ಆ ಅಧಿಕಾರಿಯ ಹೆಸರು ಹೇಳುತ್ತೇವೆ. ಕಚೇರಿಯಲ್ಲಿ ಕೈತೊಳೆದುಕೊಳ್ಳುವವರನ್ನು ಅಷ್ಟು ವರ್ಷ ನೋಡಿದ ನಿಮ್ಮ ಅಜ್ಜಿಗೆ ಈ ಸಾಲು ಹೇಗೆ ಕೇಳಿಸುತ್ತಿತ್ತೋ! ಅವರ ನ್ಯಾಯಾಧೀಶ ಸ್ವತಃ ಕೆಟ್ಟ ತೀರ್ಪಿಗೆ ಸಿಕ್ಕವನು. ಕ್ರಿಸ್ತರಾಜನ ಹಬ್ಬಕ್ಕೆ ಮೂರು ವರ್ಷಕ್ಕೊಮ್ಮೆ ಓದುವ ಸುವಾರ್ತೆಯಲ್ಲಿ ರಾಜ ಶಿಲುಬೆಯ ಮೇಲೇ ಇದ್ದಾನೆ, ಪಕ್ಕದಲ್ಲಿ ಕಳ್ಳ. ಅದನ್ನು ಬಿಟ್ಟು ಈ ವಿಷಯ ಬರೆಯುವುದಕ್ಕೆ ಆಗುವುದಿಲ್ಲ ತಂಗಿ.

ಮೂರನೇ ಪುಟಕ್ಕೆ ಬರುತ್ತೇನೆ. ಕಠಿಣವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ. ಅಲ್ಲಿ ನೀವು ಯಾರು ಎಡಕ್ಕೆ, ಯಾರು ಬಲಕ್ಕೆ ಅಂತ ಹಂಚಿಬಿಟ್ಟಿದ್ದೀರಿ. ಕುಡಿಯುವವರು, ಪೂಜೆಗೆ ಬಾರದವರು, ಬೇರೆ ದಾರಿ ಹಿಡಿದವರು, ಎಲ್ಲ ಎಡಕ್ಕೆ. ಮತ್ತಾಯನ ಇಪ್ಪತ್ತೈದನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಕುರುಬ ಕುರಿ, ಆಡುಗಳನ್ನು ಬೇರೆ ಮಾಡುವ ಹಾಗೆ ರಾಜ ಅಲ್ಲಿ ಜನರನ್ನು ಬಲಕ್ಕೂ ಎಡಕ್ಕೂ ನಿಲ್ಲಿಸುತ್ತಾನೆ. ಎಡಗಡೆಯವರಿಗೂ ಬಲಗಡೆಯವರಿಗೂ ಆಶ್ಚರ್ಯವೇ ಆಗುತ್ತದೆ. ನಿನ್ನನ್ನು ಯಾವಾಗ ನೋಡಿದೆವು ಅಂತ ಇಬ್ಬರೂ ಕೇಳುತ್ತಾರೆ. ಅಲ್ಲಿ ವಿಚಾರಣೆ ಆಗುವುದು ಅನ್ನ, ನೀರು, ಬಟ್ಟೆ, ರೋಗಿ, ಪರದೇಶಿ, ಸೆರೆಯವನು, ಇಷ್ಟರ ಬಗ್ಗೆ. ನಿಮ್ಮ ಪುಟದಲ್ಲಿ ಯಾರಿಗೂ ಆಶ್ಚರ್ಯವಿಲ್ಲ, ಎಲ್ಲ ನಿಮಗೆ ಮೊದಲೇ ಗೊತ್ತಿದೆ.

ಕುರಿ, ಆಡು ನಿಮ್ಮ ಕಣ್ಣಿಗೆ ಹತ್ತಿರದವಲ್ಲ. ಮತ್ತಾಯನ ಹದಿಮೂರನೇ ಅಧ್ಯಾಯದಲ್ಲಿ ಯೇಸು ಹೇಳುವ ಬಲೆಯ ಸಾಮ್ಯ, ಅಂದರೆ ಹೋಲಿಕೆಯ ಕಥೆ, ತೆಗೆದುಕೊಳ್ಳಿ. ಯೇಸುವಿನ ಶಿಷ್ಯರಾದ ಪೇತ್ರ, ಅಂದ್ರೆಯ ಬೀಸುತ್ತಿದ್ದದ್ದು ಕೈಯಿಂದ ಎಸೆಯುವ ಬೀಸುಬಲೆ. ಈ ಸಾಮ್ಯದಲ್ಲಿರುವುದು ಬೇರೆ ಬಲೆ. ಗ್ರೀಕಿನಲ್ಲಿ ‘ಸಗೇನೆ’, ಅಂದರೆ ದಡಕ್ಕೆ ಎಳೆಯುವ ದೊಡ್ಡ ಬಲೆ. ನಮ್ಮ ರಂಪಣಿಯ ಜಾತಿಯದು! ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. ಹಗ್ಗದ ಒಂದು ತುದಿ ದಡದಲ್ಲಿ, ದೋಣಿ ಬಲೆ ಬಿಡುತ್ತಾ ದೊಡ್ಡ ಸುತ್ತು ಹಾಕಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತಿತ್ತು. ಆಮೇಲೆ ಎರಡೂ ಕಡೆ ಊರಿಗೆ ಊರೇ ನಿಂತು ಎಳೆಯುವುದು. ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಅಪರೂಪವಾಯಿತು. ಬಲೆಯಲ್ಲಿ ಬಂಗಡೆ, ತಾರ್ಲೆ ಬರುತ್ತಿದ್ದವು, ಏಡಿ ಬರುತ್ತಿತ್ತು, ಕಸವೂ ಬರುತ್ತಿತ್ತು. ನೀರಿನಲ್ಲಿ ಇರುವಾಗ ಯಾರೂ ಆರಿಸುತ್ತಿರಲಿಲ್ಲ. ಬಲೆ ಪೂರ್ತಿ ದಡಕ್ಕೆ ಬಂದ ಮೇಲೆಯೇ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ಸಾಮ್ಯದಲ್ಲೂ ಹಾಗೆಯೇ ಇದೆ. ಆರಿಸುವ ಕೆಲಸ ಕೊನೆಗೆ, ಅದೂ ದೇವದೂತರದ್ದು. ಬಲೆ ಇನ್ನೂ ನೀರಿನಲ್ಲಿದೆ, ನಾನೂ ನೀವೂ ಅದರೊಳಗೇ ಇದ್ದೇವೆ. ಮೂರನೇ ಪುಟ ತೆಗೆದು ಅಲ್ಲಿ ಇದನ್ನು ಬರೆಯಿರಿ. ನಿಮ್ಮ ಅಪ್ಪ ಹಗ್ಗ ಎಳೆದವರು ಅಂತ ಕೊನೆಯ ಪುಟದಲ್ಲಿ ಅರ್ಧ ಸಾಲು ಇದೆಯಲ್ಲ, ಅವರನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಉದ್ದ ಐದು ಪುಟ ಸಾಕು. ಅಕ್ಟೋಬರ್ ಹತ್ತರೊಳಗೆ ಬಂದರೆ ನವೆಂಬರಿಗೆ ಹಾಕುತ್ತೇನೆ, ಮತ್ತೊಂದು ಸಲ ತಿದ್ದುವುದಕ್ಕೂ ಸಮಯ ಸಿಗುತ್ತದೆ. ಬಸ್‌ಸ್ಟ್ಯಾಂಡಿನ ಬೆಂಚಿನಿಂದಲೇ ಶುರುವಾಗಲಿ. ಡಬ್ಬಿ ಯಾವ ಬಣ್ಣದ್ದು, ಮುಚ್ಚಳಕ್ಕೆ ತುಕ್ಕು ಹಿಡಿದಿತ್ತಾ, ಒಳಗಿನ ಚೀಟಿಯಲ್ಲಿ ಎಷ್ಟು ತೆಂಗಿನಮರ ಅಂತ ಇತ್ತು, ಇದೆಲ್ಲ ಬರಲಿ. ಆ ಡಬ್ಬಿ ಈಗ ಯಾರ ಹತ್ತಿರ ಇದೆ?

ಶಿರಸಿಯಿಂದ,
ನಿಮ್ಮ ಸಂಪಾದಕ