ಟ್ರಾಲಿಂಗ್ ನಿಷೇಧದ ಎರಡು ತಿಂಗಳು ಇಟಿಪಿಯ ಹೊಟ್ಟೆಪಾಡು

ಪ್ರಶ್ನೆ: ಮಲ್ಪೆ ಹತ್ತಿರ ನಮ್ಮದೊಂದು ಮೀನು ಸಂಸ್ಕರಣಾ ಘಟಕವಿದೆ. ದಿನಕ್ಕೆ 40 ಸಾವಿರ ಲೀಟರ್ ತ್ಯಾಜ್ಯನೀರು ಬರುತ್ತದೆ, ಅದನ್ನು ಶುದ್ಧೀಕರಿಸುವ ಇಟಿಪಿಯಲ್ಲಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಗಾಳಿ ಊದುವ ಏರೇಷನ್ ಟ್ಯಾಂಕ್ 120 ಘನ ಮೀಟರ್. ಮೇ ತನಕ ತೊಂದರೆಯಿಲ್ಲ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದೊಡನೆ ಬಿಳಿ ನೊರೆ, ವಾಸನೆ, ಕದಡಿದ ನೀರು. ಟ್ಯಾಂಕ್ ದೊಡ್ಡದು ಮಾಡಿಸಬೇಕೇ?
— ಓದುಗರೊಬ್ಬರು, ಉಡುಪಿ

ಉತ್ತರ: ಬೇಡ. ಮೇನಲ್ಲಿ ಸಾಲುವ ಟ್ಯಾಂಕ್ ಆಗಸ್ಟ್‌ಗೂ ಸಾಲುತ್ತದೆ. ಸಾಲದಿರುವುದು ಅದರೊಳಗಿನ ಸ್ಲಡ್ಜ್, ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕೆಸರು. ಟ್ರಾಲಿಂಗ್ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಮೀನಿನ ನೀರಿಲ್ಲದೆ 61 ದಿನ ಸೂಕ್ಷ್ಮಜೀವಿಗಳಿಗೆ ಉಪವಾಸ. ಗಾಳಿ ಮಾತ್ರ ಊದುತ್ತಿದ್ದರೆ ಅವು ಕರಗುತ್ತಾ ಹೋಗುತ್ತವೆ. ಕರೆಂಟ್ ಉಳಿಸಲು ಬ್ಲೋವರ್ ಪೂರ್ತಿ ಬಂದ್ ಮಾಡಿದರೆ ತಳದಲ್ಲಿ ಕೊಳೆಯುತ್ತವೆ.

ಮೇ ಕೊನೆಯ ವಾರಗಳಲ್ಲಿ ಸ್ಲಡ್ಜ್ ಹೊರತೆಗೆಯುವುದನ್ನು ನಿಲ್ಲಿಸಿ. ನಿಮ್ಮ ನೀರಿನ ಬಿಒಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 1,500 ಮಿಲಿಗ್ರಾಂ ಎಂದು ಹಿಡಿದರೆ ದಿನದ ಹೊರೆ 60 ಕಿಲೋ. ರಜೆಯಲ್ಲಿ ಅದರ ಹತ್ತನೇ ಒಂದು ಪಾಲು ಕೊಟ್ಟರೆ ಜೀವ ಉಳಿಯುತ್ತದೆ: ಆ 6 ಕಿಲೋ ಬಿಒಡಿಗೆ ದಿನಕ್ಕೆ ಸುಮಾರು 8 ಕಿಲೋ ಬೆಲ್ಲ, ಅರ್ಧ ಕಿಲೋ ಯೂರಿಯಾ, 300 ಗ್ರಾಂ ಡಿಎಪಿ ಗೊಬ್ಬರ. ನೀರಲ್ಲಿ ಕದಡಿ, ಎರಡು ಮೂರು ಸಲಕ್ಕೆ ಹಂಚಿ ಹಾಕಿ. ಕ್ಯಾಂಟೀನ್, ಶೌಚಾಲಯದ ನೀರು ಬರುತ್ತಿದ್ದರೆ ಬೆಲ್ಲ ಅಷ್ಟು ಕಡಿಮೆ. ಬ್ಲೋವರ್ ಎರಡು ಗಂಟೆ ಓಡಿಸಿ ಎರಡು ಗಂಟೆ ನಿಲ್ಲಿಸಬಹುದು, ಅದಕ್ಕಿಂತ ಹೆಚ್ಚು ಹೊತ್ತು ಬೇಡ. ಜುಲೈ ಕೊನೆಯ ಹತ್ತು ದಿನ ಬೆಲ್ಲವನ್ನು ದಿನಕ್ಕೆ 20 ಕಿಲೋಗೆ, ಆಮೇಲೆ 40 ಕಿಲೋಗೆ ಏರಿಸಿ. ಗೊಬ್ಬರವೂ ಅದೇ ಪ್ರಮಾಣದಲ್ಲಿ, ಬ್ಲೋವರ್ ಮತ್ತೆ ನಿರಂತರ. ಬೆಲ್ಲದ ಖರ್ಚು ಹೊಸ ಟ್ಯಾಂಕಿನ ಕಾಂಕ್ರೀಟಿನ ಮುಂದೆ ಲೆಕ್ಕಕ್ಕಿಲ್ಲ.

ಬೆಲ್ಲದಿಂದ ಆಗದ ಕೆಲಸವೊಂದಿದೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಲ್ಲ ತಿನ್ನುವುದಿಲ್ಲ, ಬೆಳೆಯುವುದೂ ನಿಧಾನ. ಮೀನಿನ ನೀರಲ್ಲಿ ಪ್ರೋಟೀನು ಜಾಸ್ತಿ, ಹಾಗಾಗಿ ಆಗಸ್ಟ್ ಮೊದಲ ವಾರಗಳಲ್ಲಿ ಅಮೋನಿಯಾ ಏರುವುದು ಸಹಜ. ಚೆನ್ನಾಗಿ ನಡೆಯುತ್ತಿರುವ ಬೇರೊಂದು ಮೀನು ಘಟಕದಿಂದ ಒಂದು ಟ್ಯಾಂಕರ್ ಸ್ಲಡ್ಜ್ ತಂದು ಹಾಕಿದರೆ ಅನುಕೂಲ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ನೀರಿನ ಏಳು ಗ್ರಾಂ ಕ್ಷಾರೀಯತೆ (ಆಮ್ಲ ತಡೆಯುವ ಶಕ್ತಿ) ಖರ್ಚಾಗುತ್ತದೆ, ಪಿಎಚ್ 6.5ಕ್ಕಿಂತ ಇಳಿದರೆ ಅಡಿಗೆ ಸೋಡಾ ಹಾಕಿ.

ಇನ್ನು ಮಳೆ. ಸಾವಿರ ಚದರ ಮೀಟರ್ ಚಾವಣಿ ಮೇಲೆ ಹತ್ತು ಸೆಂಟಿಮೀಟರ್ ಸುರಿದರೆ ಒಂದು ಲಕ್ಷ ಲೀಟರ್, ನಿಮ್ಮ ದಿನದ ನೀರಿನ ಎರಡೂವರೆ ಪಟ್ಟು. ಅದು ತ್ಯಾಜ್ಯದ ಚರಂಡಿಗೆ ಸೇರಿದರೆ ಕ್ಲಾರಿಫೈಯರ್ (ಸ್ಲಡ್ಜ್ ತಳಕ್ಕಿಳಿಯುವ ತೊಟ್ಟಿ) ತುಂಬಿ, ಎರಡು ತಿಂಗಳು ಸಾಕಿದ ಸ್ಲಡ್ಜ್ ಒಂದೇ ರಾತ್ರಿ ಕೊಚ್ಚಿಹೋಗುತ್ತದೆ. ಚಾವಣಿಯ ಪೈಪು ಎಲ್ಲಿ ಬೀಳುತ್ತದೆಂದು ಮೇನಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಇಟಿಪಿಯಿಂದ ಬಂದ ನೀರಲ್ಲಿ ಮೀನಿನ ಕ್ರೇಟ್ ತೊಳೆಯಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ಕೂಡದು. ಮೀನು, ಕ್ರೇಟ್, ಮೇಜು, ಐಸ್ ಎಲ್ಲಕ್ಕೂ ಕುಡಿಯುವ ನೀರೇ ಆಗಬೇಕು. ಮರಳಿನ ಫಿಲ್ಟರ್, ಕ್ಲೋರಿನ್ ದಾಟಿದ ನೀರನ್ನು ಶೌಚಾಲಯದ ಫ್ಲಶ್‌ಗೆ ಬಳಸಿ. ಪೈಪಿಗೆ ಬೇರೆ ಬಣ್ಣ ಬಳಿದಿರಲಿ. ಗಿಡಗಳಿಗೆ ಬಿಡುವ ಮೊದಲು ಉಪ್ಪಿನಂಶ ಪರೀಕ್ಷಿಸಿ. ನೀರು ಉಳಿಸಲು ಇದಕ್ಕಿಂತ ಸುಲಭದ ದಾರಿ, ನೆಲಕ್ಕೆ ಪೈಪ್ ಹಿಡಿಯುವ ಮೊದಲು ಕರುಳು, ಚಿಪ್ಪನ್ನು ರಬ್ಬರ್ ವೈಪರಿನಲ್ಲಿ ಬಳಿದು ತೆಗೆಯುವುದು. ಇಟಿಪಿಯ ಹೊರೆಯೂ ಇಳಿಯುತ್ತದೆ.